ಎದೆಬಡಿತ ನಿಧಾನವಾದಾಗ ರಕ್ತಕ್ಕೆ ಏನಾಗುತ್ತದೆ?

ಬದಿಯಡ್ಕದ ಸಮೀಪದ ಒಂದು ಮನೆಯಲ್ಲಿ, ಗೇಟಿನ ಕಡೆಗೆ ಓಡುವಾಗಲೆಲ್ಲ ಕುಸಿದು ಬಿದ್ದು ಅರೆ ನಿಮಿಷದೊಳಗೆ ಎದ್ದು ನಿಲ್ಲುವ ಮುದಿ ನಾಯಿಯೊಂದಿತ್ತು. ಮನೆಯವರು ಅದು ಅಪಸ್ಮಾರವೆಂದು ತಿಳಿದಿದ್ದರು. ಸ್ಟೆತಸ್ಕೋಪಿನಲ್ಲಿ ನಿಮಿಷಕ್ಕೆ 40 ಬಡಿತಗಳಷ್ಟೇ ಕೇಳಿಸಿದವು. ಇಸಿಜಿ ಮಾಡಿದಾಗ ಪೂರ್ಣ ಹಾರ್ಟ್ ಬ್ಲಾಕ್ ಎಂದು ಖಚಿತವಾಯಿತು. "ಹಾಗಾದರೆ ಸ್ಟೆಂಟ್ ಹಾಕಬೇಕಾ ಡಾಕ್ಟ್ರೇ?" ಎಂದು ಯಜಮಾನರು ಕೇಳಿದರು. ಬ್ಲಾಕ್ ಎಂದೊಡನೆ ರಕ್ತನಾಳ ಕಟ್ಟಿಕೊಂಡಿತೆಂದೇ ಎಲ್ಲರೂ ಭಾವಿಸುವುದರಿಂದ ಆ ಪ್ರಶ್ನೆ ಸಹಜವೇ. ನಾಯಿಯಲ್ಲಿ ಕಡಿದುಹೋದದ್ದು ಬಡಿತದ ವಿದ್ಯುತ್ ಸಂಕೇತ ಸಾಗುವ ದಾರಿ.

ಆ ಸಂಕೇತ ಹೃದಯದ ಮೇಲಿನ ಕೋಣೆಯಾದ ಬಲ ಹೃತ್ಕರ್ಣದಲ್ಲಿ ಹುಟ್ಟಿ, ನಡುವಿನ ಗಂಟೊಂದರಲ್ಲಿ ಕ್ಷಣಕಾಲ ತಡೆದು, ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಆ ಗಂಟಿನಲ್ಲಿ ಸಂಕೇತ ತಡವಾಗಿ ದಾಟಿದರೆ ಮೊದಲ ಹಂತದ ಬ್ಲಾಕ್, ಕೆಲವು ಮಾತ್ರ ದಾಟಿದರೆ ಎರಡನೆಯದು, ಒಂದೂ ದಾಟದಿದ್ದರೆ ಮೂರನೆಯದು. ಮೂರನೆಯದರಲ್ಲಿ ಹೃತ್ಕುಕ್ಷಿಗಳು ತಮ್ಮದೇ ನಿಧಾನ ಲಯದಲ್ಲಿ ಬಡಿದುಕೊಂಡು ಪ್ರಾಣವನ್ನು ಉಳಿಸಿಕೊಳ್ಳುತ್ತವೆ.

ಬಡಿತಗಳ ನಡುವೆ ಅವಕಾಶ ಹೆಚ್ಚಿದಾಗ ಹೃದಯ ಹೆಚ್ಚು ತುಂಬಿಕೊಂಡು ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುವುದರಿಂದ, ಮಲಗಿರುವ ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ. ಓಡಿದಾಗ ಸ್ನಾಯುಗಳು ಹೆಚ್ಚು ರಕ್ತ ಕೇಳುತ್ತವೆ, ಬಡಿತ ಮಾತ್ರ ಏರುವುದಿಲ್ಲ. ರಕ್ತದೊತ್ತಡ ಕುಸಿದು, ಮಿದುಳಿಗೆ ಏಳೆಂಟು ಸೆಕೆಂಡು ರಕ್ತ ತಲುಪದಿದ್ದರೆ ಮೂರ್ಛೆ ಬರುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ರಕ್ತ ಹಿಂದಕ್ಕೆ ಒತ್ತಿ ಯಕೃತ್ತು ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಮುಚ್ಚಿದ ಕವಾಟಕ್ಕೆ ಎದುರಾಗಿ ಹೃತ್ಕರ್ಣ ಸಂಕುಚಿಸಿದಾಗ ಕುತ್ತಿಗೆಯ ಅಭಿಧಮನಿಯಲ್ಲಿ ಆಗಾಗ ಒಂದು ದೊಡ್ಡ ತುಡಿತ ಕಾಣುತ್ತದೆ. ಕೂದಲನ್ನು ಒದ್ದೆ ಮಾಡಿ ನೋಡಿದರೆ ಅದು ಬರಿಗಣ್ಣಿಗೇ ಗೋಚರಿಸುತ್ತದೆ.

ಆದರೆ ನಿಧಾನ ಬಡಿತವೆಲ್ಲ ಹೃದಯದ ರೋಗವಲ್ಲ. ವಿಶ್ರಾಂತಿಯಲ್ಲಿರುವ ಕುದುರೆಯಲ್ಲಿ ಎರಡನೆಯ ಹಂತದ ಬ್ಲಾಕ್ ಸಾಮಾನ್ಯ. ಓಡಿಸಿದೊಡನೆ ಅದು ಮಾಯವಾಗುತ್ತದೆ. ನಿಮಿಷಕ್ಕೆ 60ರಿಂದ 80 ಬಾರಿ ಬಡಿಯುವ ಹಸುವಿನ ಹೃದಯ, ಹಸು ಎರಡು ದಿನ ಮೇವು ಬಿಟ್ಟರೆ 50ಕ್ಕಿಂತ ಕೆಳಗಿಳಿಯಬಹುದು, ಮೇವು ತಿಂದೊಡನೆ ಸರಿಹೋಗುತ್ತದೆ. ಆದರೆ ಮೂತ್ರ ಕಟ್ಟಿದ ಗಂಡು ಬೆಕ್ಕಿನ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಧಾನವಾದರೆ ಕೆಲವು ಗಂಟೆಗಳಲ್ಲೇ ಸಾವು ಬರಬಹುದು.

ಕಾಸರಗೋಡಿನ ಮನೆಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇಲಿಯ ಕಣಗಿಲೆ. ಅಂಗಳ ಚೊಕ್ಕ ಮಾಡಿದವರು ಕಡಿದ ರೆಂಬೆಗಳನ್ನು ಹಟ್ಟಿಯ ಬಳಿ ಎಸೆಯುತ್ತಾರೆ, ಆಡು ಅಥವಾ ಕರು ಅದನ್ನು ಮೇಯುತ್ತದೆ. ಒಣಗಿದ ಎಲೆಯಲ್ಲೂ ವಿಷ ಉಳಿದಿರುತ್ತದೆ, ಹಳದಿ ಕಣಗಿಲೆಯೂ ಅಷ್ಟೇ ಅಪಾಯಕಾರಿ. ಆ ವಿಷ ಹೃದಯಕೋಶಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ವಿನಿಮಯವನ್ನು ತಡೆದು ಬಡಿತವನ್ನು ನಿಧಾನಗೊಳಿಸುತ್ತದೆ, ಬ್ಲಾಕ್ ಉಂಟುಮಾಡುತ್ತದೆ, ಕೊನೆಗೆ ಲಯವನ್ನೇ ಕೆಡಿಸುತ್ತದೆ. ಬಿದ್ದ ಹಸುವಿಗೆ ಕೂಡಲೇ ಕ್ಯಾಲ್ಸಿಯಂ ಡ್ರಿಪ್ ಹಾಕಿಸುವ ರೂಢಿ ನಮ್ಮಲ್ಲಿದೆ; ಕಣಗಿಲೆ ತಿಂದ ಹಸುವಿನ ಹೃದಯವನ್ನು ಅದು ಇನ್ನಷ್ಟು ಕೆಡಿಸಬಹುದು. ಕರು ಹಾಕಿದ ಮೇಲೆ ರಕ್ತದ ಕ್ಯಾಲ್ಸಿಯಂ ಕುಸಿದು ಬೀಳುವ ಹಾಲುಜ್ವರದ ಹಸುವಿಗೂ ಆ ಔಷಧಿಯನ್ನು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟುಕೊಂಡು ನಿಧಾನವಾಗಿಯೇ ಕೊಡಬೇಕು, ಬಡಿತ ತಪ್ಪಿದೊಡನೆ ನಿಲ್ಲಿಸಬೇಕು. ಆದ್ದರಿಂದ ಪಶುವೈದ್ಯರು ಬಂದಾಗ ಮೊದಲು ಹೇಳಬೇಕಾದ ಸಂಗತಿ, ಪ್ರಾಣಿ ಏನನ್ನು ಮೇಯಿತು ಎಂಬುದು.

ನಾಯಿಯ ವಿಷಯದಲ್ಲಿ ಯಜಮಾನರಿಗೆ ಸತ್ಯವನ್ನೇ ಹೇಳಿದೆ: ಪೂರ್ಣ ಬ್ಲಾಕ್‌ಗೆ ಮಾತ್ರೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲ, ನಿಜವಾದ ಚಿಕಿತ್ಸೆ ಬಡಿತದ ಸಂಕೇತ ಕೊಡುವ ಸಣ್ಣ ಯಂತ್ರವಾದ ಪೇಸ್‌ಮೇಕರ್, ಅದರ ಖರ್ಚು ಅವರ ಕೈಗೆ ಎಟುಕುವಂಥದ್ದಲ್ಲ. ಅವರು ನಾಯಿಯನ್ನು ಓಡಲು ಬಿಡದೆ, ಬೆಳಿಗ್ಗೆ ತೊಡೆಯ ಒಳಭಾಗದಲ್ಲಿ ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ, ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ನಡೆಸಿ ಮತ್ತೊಮ್ಮೆ ಎಣಿಸಿ, ಎರಡೂ ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲು ಒಪ್ಪಿದರು.