ಮೆಡಿಕಲ್ ಸೀಟಿಗೆ ಸಂದರ್ಶನ ಇರುತ್ತದೆಯೇ? ಇದ್ದರೆ ಮಗಳನ್ನು ಹೇಗೆ ತಯಾರು ಮಾಡಬೇಕು?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯ ಹಳ್ಳಿಯವರು. ಮಗಳು ಈ ಸಲ ನೀಟ್ ಚೆನ್ನಾಗಿ ಬರೆದಿದ್ದಾಳೆ. ಸೀಟು ಕೊಡುವ ಮೊದಲು ಸಂದರ್ಶನ ಮಾಡುತ್ತಾರೆ ಎಂದು ಕೆಲವರು ಹೇಳುತ್ತಾರೆ, ಅಂಥದ್ದೇನೂ ಇಲ್ಲ ಎಂದು ಕೆಲವರು. ಅವಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಸಂದರ್ಶನ ಇರುವುದಾದರೆ ಹೇಗೆ ತಯಾರಿ ಮಾಡಿಸಬೇಕು?

ಉತ್ತರ: ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನನ್ನನ್ನು ನೀಟ್ ಫಲಿತಾಂಶ ಬಂದ ವಾರದಲ್ಲಿ ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಅದಕ್ಕೆ ಎರಡು ಉತ್ತರಗಳಿವೆ, ಎರಡೂ ನಿಜ.

ಮೊದಲನೆಯದು: ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳ ಯಾವ ವೈದ್ಯಕೀಯ ಕಾಲೇಜಿನ ಎಂಬಿಬಿಎಸ್ ಪ್ರವೇಶಕ್ಕೂ ಸಂದರ್ಶನವಿಲ್ಲ. ಬೆಳಗಾವಿಯ ಸರ್ಕಾರಿ ಕಾಲೇಜಾದ ಬಿಮ್ಸ್‌ನ ಶೇಕಡಾ 85 ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ, ಉಳಿದ ಶೇಕಡಾ 15ನ್ನು ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ಬಾಗಲಕೋಟೆಯ ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ವಿಜಯಪುರದ ಅಲ್ ಅಮೀನ್ ಕಾಲೇಜಿಗೂ ಪ್ರಾಧಿಕಾರದ ಮೂಲಕವೇ ಹೋಗಬೇಕು. ಬೆಳಗಾವಿಯ ಜೆಎನ್‌ಎಂಸಿ ಮತ್ತು ವಿಜಯಪುರದ ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯಗಳ (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳ) ಕಾಲೇಜುಗಳಾದ್ದರಿಂದ ಅವುಗಳ ಹಂಚಿಕೆ ಎಂಸಿಸಿಯದು. ಎಲ್ಲ ಕಡೆಯೂ ಲೆಕ್ಕಕ್ಕೆ ಬರುವುದು ನೀಟ್ ರ‍್ಯಾಂಕ್, ಮೀಸಲಾತಿ ಮತ್ತು ನೀವು ಕೊಡುವ ಕಾಲೇಜುಗಳ ಪಟ್ಟಿ. ದಾಖಲೆ ಪರಿಶೀಲನೆಗೆ ಕರೆಯುತ್ತಾರೆ. ಅಲ್ಲಿ ನೋಡುವುದು ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯ ಪತ್ರ, ಅಂಕಪಟ್ಟಿಗಳನ್ನು. ಮಗಳ ಮಾತುಗಾರಿಕೆಯನ್ನು ಯಾರೂ ಅಳೆಯುವುದಿಲ್ಲ.

ಆದ್ದರಿಂದ ಯಾರಾದರೂ ಫೋನ್ ಮಾಡಿ, "ಆಡಳಿತ ಮಂಡಳಿಯ ಸಂದರ್ಶನ ಇದೆ, ಮುಂಗಡ ತೆಗೆದುಕೊಂಡು ಹೋಟೆಲಿಗೆ ಬನ್ನಿ" ಎಂದರೆ ಹೋಗಬೇಡಿ. ಆಡಳಿತ ಮಂಡಳಿ ಕೋಟಾದ ಸೀಟು ಕೂಡ ನೀಟ್ ಅರ್ಹತೆ ಮತ್ತು ಕೌನ್ಸೆಲಿಂಗ್ (ಸೀಟು ಹಂಚುವ ಅಧಿಕೃತ ಪ್ರಕ್ರಿಯೆ) ಇಲ್ಲದೆ ಸಿಗುವುದಿಲ್ಲ. ಕಬ್ಬಿನ ಬಿಲ್ಲು ಬಂದ ತಿಂಗಳಲ್ಲೇ ಇಂಥ ಕರೆ ಬಂದು ಹಣ ಕಳೆದುಕೊಂಡ ಕುಟುಂಬವೊಂದನ್ನು ನಾನು ಹತ್ತಿರದಿಂದ ಬಲ್ಲೆ. ಆ ಮನೆಯ ಹುಡುಗನಿಗೆ ಆ ವರ್ಷ ಬೇರೆ ಕೋರ್ಸಿನ ಶುಲ್ಕಕ್ಕೂ ದುಡ್ಡು ಉಳಿಯಲಿಲ್ಲ.

ಎರಡನೆಯ ಉತ್ತರ: ಸಂದರ್ಶನ ಇರುವ ಒಂದು ದೊಡ್ಡ ಕಾಲೇಜು ನಮಗೆ ಬೆಂಗಳೂರಿಗಿಂತ ಹತ್ತಿರದಲ್ಲಿದೆ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಎಲ್ಲರೂ ಕರೆಯುವಂತೆ ಎಎಫ್‌ಎಂಸಿ. 1948ರಲ್ಲಿ ಆರಂಭವಾದ ಸಂಸ್ಥೆ. ಈಚಿನ ವರ್ಷಗಳಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ 145 ಸೀಟುಗಳು, ಅವುಗಳಲ್ಲಿ ಹೆಣ್ಣುಮಕ್ಕಳಿಗೆ 30. ಓದು ಮುಗಿದ ಮೇಲೆ ಭೂಸೇನೆ, ನೌಕಾಪಡೆ ಅಥವಾ ವಾಯುಪಡೆಯಲ್ಲಿ ವೈದ್ಯಾಧಿಕಾರಿಯಾಗಿ ಸೇವೆ ಸಲ್ಲಿಸುವುದು ಕಡ್ಡಾಯ. ಆ ಬಗ್ಗೆ ಪ್ರವೇಶದ ಹೊತ್ತಿನಲ್ಲೇ ಬಾಂಡ್ ಬರೆದುಕೊಡಬೇಕು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ, ನಮ್ಮ ಎಷ್ಟೋ ಹಳ್ಳಿಗಳಲ್ಲಿ ಓಣಿಗೊಬ್ಬರು ಮಾಜಿ ಸೈನಿಕರಿದ್ದಾರೆ. ಆದರೂ ನಮ್ಮ ಮಕ್ಕಳಿಗೆ ಈ ಕಾಲೇಜಿನ ಹೆಸರು ಸರಿಯಾಗಿ ತಲುಪಿಲ್ಲ ಎಂಬುದು ನನ್ನ ಬಹುದಿನದ ಕೊರಗು.

ಇದಕ್ಕೆ ಬೇರೆ ಪ್ರವೇಶ ಪರೀಕ್ಷೆ ಇಲ್ಲ. ನೀಟ್ ಬರೆದು, ಎಂಸಿಸಿ ಜಾಲತಾಣದಲ್ಲಿ ನೋಂದಾಯಿಸಿ, ಎಎಫ್‌ಎಂಸಿಗೆ ಇಚ್ಛೆ ಸೂಚಿಸಿರಬೇಕು. ಹಾಗೆ ಸೂಚಿಸದೆ ಎಷ್ಟೇ ಅಂಕ ಬಂದರೂ ಕರೆ ಬರುವುದಿಲ್ಲ. ಇಚ್ಛೆ ಸೂಚಿಸಿದವರಲ್ಲಿ ಸೀಟುಗಳಿಗಿಂತ ಹಲವು ಪಟ್ಟು ಮಂದಿಯನ್ನು ನೀಟ್ ಅಂಕದ ಮೇಲೆ ಆರಿಸಿ ಪುಣೆಗೆ ಕರೆಯುತ್ತಾರೆ. ಅಲ್ಲಿ ಮೊದಲು ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಭಾಷೆ, ಗ್ರಹಿಕೆ ಮತ್ತು ತರ್ಕದ ಪರೀಕ್ಷೆ: 30 ನಿಮಿಷ, 40 ಪ್ರಶ್ನೆ, 80 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಜೊತೆಗೆ ಒಂದು ಮನೋವೈಜ್ಞಾನಿಕ ಪರೀಕ್ಷೆ, ಆಮೇಲೆ ಸಂದರ್ಶನ, ಕೊನೆಗೆ ವೈದ್ಯಕೀಯ ತಪಾಸಣೆ. ನೀಟ್ ಮತ್ತು ಇಂಗ್ಲಿಷ್ ಪರೀಕ್ಷೆಯ ಅಂಕಗಳನ್ನು ಸೇರಿಸಿ 200ಕ್ಕೆ ಇಳಿಸುತ್ತಾರೆ, ಸಂದರ್ಶನಕ್ಕೆ 50. ಅಂದರೆ ಐದರಲ್ಲಿ ಒಂದು ಪಾಲು ಆ ಕೆಲವೇ ನಿಮಿಷಗಳ ಮಾತಿನಲ್ಲಿದೆ. ಕರೆ ಬಂದವರೆಲ್ಲರ ನೀಟ್ ಅಂಕಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುವುದರಿಂದ ಈ 50 ಅಂಕಕ್ಕೆ ಅದರ ಗಾತ್ರಕ್ಕಿಂತ ಹೆಚ್ಚು ತೂಕ. ನಿಯಮಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗಬಹುದು, ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ನೀವೇ ಕುಳಿತು ಓದಿ.

ಈಗ ತಯಾರಿಯ ವಿಷಯ. ಸಂದರ್ಶನಕ್ಕೆ ಹೊರಟ ಮಕ್ಕಳು ನನ್ನ ಮನೆಯ ಪಡಸಾಲೆಗೆ ಬಂದು ಕೂರುವುದುಂಟು. ನಾನು, ನಿವೃತ್ತ ಮುಖ್ಯಶಿಕ್ಷಕರೊಬ್ಬರು ಮತ್ತು ಸೇನೆಯಲ್ಲಿದ್ದು ಬಂದ ನೆರೆಮನೆಯವರೊಬ್ಬರು ಎದುರಿಗೆ ಕುಳಿತು ಪ್ರಶ್ನೆ ಕೇಳುತ್ತೇವೆ. "ಡಾಕ್ಟರ್ ಏಕಾಗಬೇಕು?" ಎಂದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಕಂಠಪಾಠ ಮಾಡಿದ ಒಂದೇ ಉತ್ತರ ಒಪ್ಪಿಸುತ್ತಾರೆ: ಬಡವರ ಸೇವೆ ಮಾಡಬೇಕು.

ಹುನಗುಂದ ಕಡೆಯ ಒಬ್ಬ ಹುಡುಗಿಯೂ ಹಾಗೆಯೇ ಹೇಳಿದಳು. "ಯಾವ ಬಡವರನ್ನು ನೋಡಿದ್ದೀ, ಹೇಳು" ಎಂದೆ. ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, ತನ್ನ ಅಜ್ಜಿಗೆ ಕ್ಷಯ ಆಗಿತ್ತು ಎಂದಳು. ಎರಡು ತಿಂಗಳು ಮಾತ್ರೆ ತೆಗೆದುಕೊಂಡ ಅಜ್ಜಿ, ಕೆಮ್ಮು ನಿಂತಿತಲ್ಲ, ಇನ್ನೇಕೆ ಎಂದು ಬಿಟ್ಟುಬಿಟ್ಟಿದ್ದರಂತೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಗದರಿದ ಮೇಲೆ, ಆರು ತಿಂಗಳು ಪೂರ್ತಿ ಆಗುವವರೆಗೆ ದಿನವೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಈ ಹುಡುಗಿಯ ಪಾಲಿಗೆ ಬಂದಿತ್ತು. ಆಗ ಅವಳಿಗೆ ಹನ್ನೊಂದು ವರ್ಷ. "ಅಜ್ಜಿ ಮಾತ್ರೆ ಉಗುಳುತ್ತಿದ್ದಳು ಸರ್, ಬೆಲ್ಲ ಕೊಟ್ಟು ನುಂಗಿಸುತ್ತಿದ್ದೆ" ಎಂದಳು. ನಾವು ಮೂವರೂ ಪ್ರಶ್ನೆ ಕೇಳುವುದನ್ನು ಮರೆತು ಕೇಳುತ್ತಾ ಕುಳಿತಿದ್ದೆವು. ಇಂಥ ನೆನಪು ಮನಸ್ಸಿನಲ್ಲಿದ್ದೂ ಆ ಮಗು ಯಾರೋ ಬರೆದುಕೊಟ್ಟ ವಾಕ್ಯವನ್ನು ಹೇಳಲು ಬಂದಿತ್ತಲ್ಲ ಎಂದು ನನಗೆ ಸಂಕಟವಾಯಿತು.

ನಿಮ್ಮ ಮಗಳ ತಯಾರಿ ಅಲ್ಲಿಂದಲೇ ಶುರುವಾಗಲಿ. ಒಂದು ನೋಟುಪುಸ್ತಕ ಕೊಟ್ಟು, ಅವಳು ಕಣ್ಣಾರೆ ಕಂಡ ಕಾಯಿಲೆ, ಆಸ್ಪತ್ರೆ, ಹೆರಿಗೆ, ಸಾವು, ಗುಣವಾದ ಒಂದು ಜೀವ, ಎಲ್ಲವನ್ನೂ ಬರೆಯಲು ಹೇಳಿ. ಕನ್ನಡದಲ್ಲೇ ಬರೆಯಲಿ. ಏನು ಹೇಳಬೇಕೆಂಬುದು ಕನ್ನಡದಲ್ಲಿ ಸ್ಪಷ್ಟವಾದ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳುವುದನ್ನು ರೂಢಿಸಿಕೊಳ್ಳಬಹುದು. ಸಂದರ್ಶನಕ್ಕೆ ಹೋಗುವ ಕನ್ನಡ ಮಾಧ್ಯಮದ ಮಕ್ಕಳ ತೊಂದರೆ ಶಬ್ದದ ಕೊರತೆಗಿಂತ ಹೆಚ್ಚಾಗಿ ಉದ್ದ ವಾಕ್ಯದ ಆಸೆ ಎಂದು ನನ್ನ ಅನುಭವ. ನಡುವೆ ಸಿಕ್ಕಿಕೊಂಡು ತಡವರಿಸುತ್ತಾರೆ. ಆರೇಳು ಪದಗಳ ವಾಕ್ಯ ಸಾಕು. ದಿನಕ್ಕೆ ಹತ್ತು ನಿಮಿಷ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಪತ್ರಿಕೆ ಮಡಚಿಟ್ಟು ತನ್ನ ಮಾತಿನಲ್ಲಿ ಹೇಳಲಿ. ಕೇಳುವವರಿಗೆ ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ, ಎದುರಿಗೆ ಒಬ್ಬರು ಕುಳಿತಿರಬೇಕು.

ಎರಡನೆಯ ದೊಡ್ಡ ತಯಾರಿ ಊರಿನದು. ಸಂದರ್ಶನ ಮಂಡಳಿಯಲ್ಲಿ ಕೂರುವ ಹಿರಿಯ ಅಧಿಕಾರಿಗಳು ದೇಶ ಸುತ್ತಿದವರು. ಎದುರಿನ ಹುಡುಗಿ ಎಲ್ಲಿಂದ ಬಂದಳು ಎಂಬುದರಿಂದಲೇ ಮಾತು ಆರಂಭಿಸುವುದು ಸಹಜ. ವಿಜಯಪುರದ ಮಗು ಗೋಳಗುಮ್ಮಟದ ಹೆಸರು ಹೇಳಿ ನಿಲ್ಲಬಾರದು. ಪಿಸುಮಾತು ಆ ದುಂಡು ಗೋಡೆಯ ಅಂಚಿನುದ್ದಕ್ಕೂ ಪ್ರತಿಫಲಿಸುತ್ತಾ ಹೋಗಿ ಆಚೆ ಬದಿಯಲ್ಲಿ ನಿಂತವರಿಗೆ ಹೇಗೆ ಕೇಳಿಸುತ್ತದೆ ಎಂದು ಭೌತಶಾಸ್ತ್ರ ಓದಿದ ಹುಡುಗಿ ವಿವರಿಸಬಲ್ಲಳು. ಬಾಗಲಕೋಟೆಯವಳು ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ನವನಗರಕ್ಕೆ ಬಂದವರ ಕತೆಯನ್ನು ಮನೆಯ ಹಿರಿಯರಿಂದ ಕೇಳಿಕೊಳ್ಳಲಿ. 2019ರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿದಾಗ ಪರಿಹಾರ ಕೇಂದ್ರಗಳಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಹೇಗಿತ್ತು, ವಾಂತಿಭೇದಿ ಹರಡದಂತೆ ಏನು ಮಾಡಬೇಕು ಎಂದು ಯೋಚಿಸಿರಲಿ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳ ನೇಕಾರರ ಬೆನ್ನು ಮತ್ತು ಕಣ್ಣುಗಳ ಬಗ್ಗೆ ಆ ಊರಿನ ಮಗುವಿಗೇ ಗೊತ್ತಿಲ್ಲದಿದ್ದರೆ ಇನ್ನಾರಿಗೆ ಗೊತ್ತಿರಬೇಕು?

ಒಂದು ಸಂಗತಿಯನ್ನು ಆಳವಾಗಿ ತಿಳಿದುಕೊಳ್ಳಲಿ ಎಂದು ನಾನು ಒತ್ತಾಯ ಮಾಡುತ್ತೇನೆ. ಕಬ್ಬಿನ ಗದ್ದೆಗಳ ನಾಡಿನ ನಮಗೆ ಅದಕ್ಕೆ ತಕ್ಕ ವಿಷಯ ಹಾವು ಕಡಿತ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ನಮ್ಮಲ್ಲಿ ಸಿಗುವ ಪ್ರತಿವಿಷ ಒಂದೇ. ನಾಗರ ಮತ್ತು ಕಟ್ಟುಹಾವಿನ ವಿಷ ನರಗಳ ಮೇಲೆ ಎರಗಿ ಉಸಿರಾಟವನ್ನು ನಿಲ್ಲಿಸಬಲ್ಲದು, ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ದೊಡ್ಡ ಪ್ರಯೋಗಾಲಯ ಇಲ್ಲದ ಆಸ್ಪತ್ರೆಯಲ್ಲೂ ವೈದ್ಯರು ರಕ್ತವನ್ನು ಶುದ್ಧವಾದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡಿ ತಿಳಿಯುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಇಷ್ಟನ್ನು ಅರ್ಥಮಾಡಿಕೊಂಡ ಹುಡುಗಿ, ಜನ ಮೊದಲು ಮಂತ್ರ ಹಾಕಿಸಲು ಏಕೆ ಹೋಗುತ್ತಾರೆ, ಅವರನ್ನು ಬೈಯದೆ ಆಸ್ಪತ್ರೆಗೆ ಕರೆತರುವುದು ಹೇಗೆ ಎಂಬ ಪ್ರಶ್ನೆಗೂ ತಾನೇ ದಾರಿ ಹುಡುಕಬಲ್ಲಳು. ಗೊತ್ತಿಲ್ಲದ ಪ್ರಶ್ನೆ ಬಂದಾಗ "ಗೊತ್ತಿಲ್ಲ ಸರ್" ಎಂದು ನೇರವಾಗಿ ಹೇಳುವ ಧೈರ್ಯವೂ ಬರುತ್ತದೆ, ಏಕೆಂದರೆ ಗೊತ್ತಿರುವುದು ಹೇಗಿರುತ್ತದೆ ಎಂದು ಅವಳಿಗೆ ತಿಳಿದಿರುತ್ತದೆ.

ಮೂರನೆಯದು ನಿಮ್ಮ ತಯಾರಿ, ಮಗಳದಲ್ಲ. "ಇಷ್ಟು ಅಂಕಕ್ಕೆ ನಿಮ್ಮ ರಾಜ್ಯದಲ್ಲೇ ಸರ್ಕಾರಿ ಸೀಟು ಸಿಗುತ್ತದಲ್ಲ, ಇಲ್ಲಿಗೇಕೆ ಬಂದೆ?" ಎಂದು ಕೇಳಿದರೆ ಅವಳ ಉತ್ತರ ಮನೆಯಲ್ಲಿ ನಡೆದ ಮಾತುಕತೆಯ ಮೇಲೆ ನಿಂತಿರುತ್ತದೆ. ಮಗಳು ಲಡಾಖಿನಲ್ಲೋ ಅಸ್ಸಾಮಿನಲ್ಲೋ ವರ್ಷಗಟ್ಟಲೆ ಕೆಲಸ ಮಾಡುವುದು ನಿಮಗೆ ಒಪ್ಪಿಗೆಯೇ? ಮದುವೆಯ ಮಾತು ಬಂದಾಗ ಈ ನೌಕರಿ ಬಿಡು ಎನ್ನುವುದಿಲ್ಲವೇ? ಇದನ್ನು ಅವಳ ತಾಯಿಯ ಎದುರಿನಲ್ಲೇ, ಪುಣೆಗೆ ಹೊರಡುವ ಮೊದಲೇ ಮಾತನಾಡಿ ಮುಗಿಸಿ. ಊರಿನ ಮಾಜಿ ಸೈನಿಕರ ಮನೆಗೆ ಅವಳನ್ನು ಕರೆದುಕೊಂಡು ಹೋಗಿ, ಅವರ ತುಕಡಿಯ ಡಾಕ್ಟರು ಹೇಗೆ ಕೆಲಸ ಮಾಡುತ್ತಿದ್ದರು ಎಂದು ಕೇಳಲಿ. ಮನಸ್ಸಿಲ್ಲದಿದ್ದರೆ ಹೋಗದಿರುವುದೇ ಒಳ್ಳೆಯದು, ಬಿಮ್ಸ್‌ನಲ್ಲಿ ಓದಿದವರೂ ಒಳ್ಳೆಯ ವೈದ್ಯರೇ.

ಬಟ್ಟೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಇಸ್ತ್ರಿ ಮಾಡಿದ, ಅವಳಿಗೆ ರೂಢಿಯಾದ ಸಾದಾ ಚೂಡಿದಾರ ಸಾಕು. ಮನೋವೈಜ್ಞಾನಿಕ ಪರೀಕ್ಷೆಗೆ ಕೋಚಿಂಗ್ ಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. ಕಣ್ಣು, ಬಣ್ಣಗಳ ಗ್ರಹಿಕೆ, ಕಿವಿ, ಹಲ್ಲುಗಳನ್ನು ಮಾತ್ರ ಇಲ್ಲಿಯೇ ಒಮ್ಮೆ ಪರೀಕ್ಷೆ ಮಾಡಿಸಿ. ಕೆಂಪು-ಹಸಿರು ಗುರುತಿಸಲಾಗದ ತೊಂದರೆ ತನಗಿದೆ ಎಂದು ಒಬ್ಬ ಹುಡುಗನಿಗೆ ಗೊತ್ತಾದದ್ದೇ ಅಲ್ಲಿನ ತಪಾಸಣೆಯಲ್ಲಿ.

ಮಳೆಗಾಲದಲ್ಲಿ ಕರೆ ಬಂದರೆ ಒಂದು ದಿನ ಮುಂಚೆಯೇ ಪುಣೆ ಸೇರಿ. ಬೆಳಗಾವಿಯಿಂದ ಹೆದ್ದಾರಿಯಲ್ಲಿ ಸುಮಾರು 340 ಕಿಲೋಮೀಟರ್, ವಿಜಯಪುರದವರಿಗೆ ಸೊಲ್ಲಾಪುರದ ಮೇಲೆ ದಾರಿ.

ಪುಣೆಯ ಗಡಿಬಿಡಿಯಲ್ಲಿ ಪ್ರಾಧಿಕಾರದ ಆಪ್ಷನ್ ಎಂಟ್ರಿಯನ್ನು, ಅಂದರೆ ಜಾಲತಾಣದಲ್ಲಿ ಕಾಲೇಜುಗಳ ಪಟ್ಟಿ ತುಂಬುವುದನ್ನು, ಮರೆಯಬೇಡಿ. ಎರಡೂ ಪ್ರಕ್ರಿಯೆಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ನಡೆಯುತ್ತವೆ. ಜಮಖಂಡಿ ಕಡೆಯ ಹುಡುಗನೊಬ್ಬ ಸಂದರ್ಶನ ಮುಗಿಸಿ ಮರಳುವಷ್ಟರಲ್ಲಿ ಇಲ್ಲಿನ ಕೊನೆಯ ದಿನ ದಾಟಿಹೋಗಿತ್ತು, ಪುಣೆಯ ಪಟ್ಟಿಯಲ್ಲೂ ಅವನ ಹೆಸರು ಬರಲಿಲ್ಲ. ಒಟಿಪಿ ಬರುವ ಮೊಬೈಲ್ ನಂಬರ್ ನಿಮ್ಮದಾಗಿದ್ದು ನೀವೇ ಮಗಳ ಜೊತೆ ಹೊರಡುವುದಾದರೆ, ಕಾಲೇಜುಗಳ ಪಟ್ಟಿಯನ್ನು ಹೊರಡುವ ಮುನ್ನಾದಿನವೇ ತುಂಬಿ, ಮುದ್ರಿತ ಪ್ರತಿಯನ್ನು ಮನೆಯಲ್ಲಿಟ್ಟು ಹೋಗಿ. ಪಾಸ್‌ವರ್ಡ್ ಅನ್ನು ಅವಳ ಅಣ್ಣನಿಗೋ ಮಾವನಿಗೋ ಹೇಳಿರಿ, ಅವರು ಫೋನ್ ಮಾಡಿ ಒಟಿಪಿ ಕೇಳಿದಾಗ ನಿಮ್ಮ ಮೊಬೈಲ್ ಚಾರ್ಜ್ ಆಗಿರಲಿ.