ಗ್ರಹ ನೀಹಾರಿಕೆ: ಉರಿಯದೆ ಬೆಳಗುವ ಅನಿಲ

ಗ್ರಹ ನೀಹಾರಿಕೆ ಎಂದರೆ ಮುಪ್ಪಾದ ನಕ್ಷತ್ರ ಕಳಚಿದ, ಹೊಳೆಯುವ ಅನಿಲದ ಮೋಡ. ಹೆಸರಿನಲ್ಲಿ ಗ್ರಹವಿದ್ದರೂ ಗ್ರಹಕ್ಕೂ ಇದಕ್ಕೂ ನಂಟಿಲ್ಲ. 1780ರ ದಶಕದಲ್ಲಿ ಖಗೋಳಜ್ಞ ವಿಲಿಯಂ ಹರ್ಷಲ್‌ಗೆ ದೂರದರ್ಶಕದಲ್ಲಿ ಇವು ಗ್ರಹದಂಥ ಪುಟ್ಟ ಬಿಲ್ಲೆಗಳಾಗಿ ಕಂಡವು. ಹೆಸರು ಹಾಗೇ ಅಂಟಿಕೊಂಡಿತು.

ಸೂರ್ಯನಷ್ಟರಿಂದ ಹಿಡಿದು ಅದರ ಸುಮಾರು 8 ಪಟ್ಟು ದ್ರವ್ಯರಾಶಿಯ ನಕ್ಷತ್ರಗಳು ಕೆಂಪು ದೈತ್ಯವಾಗಿ ಉಬ್ಬಿ, ಕೊನೆಗೆ ಹೊರಪದರ ಕಳಚುತ್ತವೆ. ಆ ಅನಿಲ ಸೆಕೆಂಡಿಗೆ 20-30 ಕಿ.ಮೀ. ವೇಗದಲ್ಲಿ ಹರಡುತ್ತದೆ. ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಚೆದುರಿಹೋಗಿ, ನಡುವೆ ಶ್ವೇತ ಕುಬ್ಜವಷ್ಟೇ, ಅಂದರೆ ನಕ್ಷತ್ರದ ಪುಟ್ಟ ದಟ್ಟ ತಿರುಳಷ್ಟೇ ಉಳಿಯುತ್ತದೆ.

ಅನಿಲ ಹೊಳೆಯುವುದೇಕೆ? 'ಉರಿಯುವುದರಿಂದ' ಎಂದು ಬರೆದರೆ ತಪ್ಪು. ಕೆಂಡವಲ್ಲ, ಟ್ಯೂಬ್‌ಲೈಟ್ ನೆನಪಿಸಿಕೊಳ್ಳಿ. ಬಯಲಾದ ತಿರುಳು ಸುಮಾರು 30,000 ಕೆಲ್ವಿನ್ ದಾಟಿದಾಗ ಅತಿನೇರಳೆ ಕಿರಣಗಳು ಪರಮಾಣುಗಳ ಇಲೆಕ್ಟ್ರಾನ್ ಕಿತ್ತು ಅವನ್ನು ಅಯಾನು (ವಿದ್ಯುದಾವೇಶದ ಕಣ) ಮಾಡುತ್ತವೆ. ಹಾಗೆ ಬಿಡುಗಡೆಯಾದ ಇಲೆಕ್ಟ್ರಾನ್‌ಗಳು ಆಮ್ಲಜನಕದ ಅಯಾನಿಗೆ ಬಡಿದು ಅದನ್ನು ಕೆರಳಿಸುತ್ತವೆ. ಅದು ಬೆಳಕು ಬಿಡಲು ಅರ್ಧ ನಿಮಿಷಕ್ಕೂ ಹೆಚ್ಚು ಕಾಯಬೇಕು. ನಮ್ಮ ಗಾಳಿಯಲ್ಲಾದರೆ ಅಷ್ಟರೊಳಗೆ ಕೋಟ್ಯಂತರ ಡಿಕ್ಕಿಯಾಗಿ ಶಕ್ತಿ ಸೋರಿಹೋಗುತ್ತದೆ. ನೀಹಾರಿಕೆಯಲ್ಲಿ ಘನ ಸೆಂ.ಮೀ.ಗೆ ಕೆಲವೇ ಸಾವಿರ ಕಣಗಳು. ಆದ್ದರಿಂದಲೇ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ 500.7 ನ್ಯಾನೊಮೀಟರಿನ ಹಸಿರು ಗೆರೆ. 1864ರಲ್ಲಿ ಖಗೋಳಜ್ಞ ಹಗಿನ್ಸ್ ಕಂಡ ಈ ಗೆರೆಯನ್ನು 'ನೆಬ್ಯೂಲಿಯಂ' ಎಂಬ ಹೊಸ ಧಾತುವಿನದೆಂದು ನಂಬಿದ್ದರು. ಅದು ಆಮ್ಲಜನಕದ್ದೇ ಎಂದು 1927ರಲ್ಲಿ ಭೌತವಿಜ್ಞಾನಿ ಬೋವೆನ್ ಗುಟ್ಟು ಬಿಡಿಸಿದರು.

ನೋಡುವ ಬಗೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸೆ ಬಿಡಿ. ದೀಪಾವಳಿ ಅಮಾವಾಸ್ಯೆಯ ಆಸುಪಾಸು, ಪಟಾಕಿ ಹೊಗೆಯಿಂದ ದೂರ, ಸಾಗರ-ಹೊಸನಗರದ ಕಡೆಯ ಯಾವುದಾದರೂ ತೆರೆದ ಗದ್ದೆಬಯಲು ಒಳ್ಳೆಯದು. ರಾತ್ರಿ ಏಳೂವರೆಗೆ ವಾಯವ್ಯದಲ್ಲಿ ಅಭಿಜಿತ್ (ವೇಗಾ) ನಕ್ಷತ್ರ ಹಿಡಿಯಿರಿ. ಅದರ ಮೇಲೆ ತುಸು ಎಡಕ್ಕಿರುವ ನಾಲ್ಕು ನಕ್ಷತ್ರಗಳ ಪುಟ್ಟ ಚೌಕದಲ್ಲಿ, ಅಭಿಜಿತ್‌ನಿಂದ ದೂರದ ಎರಡು ನಕ್ಷತ್ರಗಳ ನಡುವೆ ಎಂ57 ಎಂಬ ಗ್ರಹ ನೀಹಾರಿಕೆ ಇದೆ. 150 ಮಿ.ಮೀ. ದೂರದರ್ಶಕದಲ್ಲಿ 50 ಪಟ್ಟಿಗೆ ಅದು ಮಸುಕು ಚುಕ್ಕೆ, 120 ಪಟ್ಟಿಗೆ ಬೂದು ಬಳೆ. ಫೋಟೋದ ಬಣ್ಣ ನಿರೀಕ್ಷಿಸಬೇಡಿ, ನಡುವಿನ ನಕ್ಷತ್ರವೂ ಕಾಣದು. ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಬಳೆ ಎದ್ದು ಬರುತ್ತದೆ.

ಬಳೆಯೋ ನಕ್ಷತ್ರವೋ ಗೊಂದಲವಾದರೆ ಆಮ್ಲಜನಕದ ಹಸಿರನ್ನಷ್ಟೇ ಬಿಡುವ ಫಿಲ್ಟರನ್ನು ಕಣ್ಣಿಗೂ ಐಪೀಸಿಗೂ (ಕಣ್ಣಿಡುವ ಮಸೂರಕ್ಕೂ) ನಡುವೆ ತಂದು ತೆಗೆಯಿರಿ. ಸುತ್ತಲ ನಕ್ಷತ್ರಗಳು ಮಂಕಾಗುತ್ತವೆ, ನೀಹಾರಿಕೆ ಹಾಗೇ ನಿಲ್ಲುತ್ತದೆ.

ಇಬ್ಬನಿಯ ಕಾಟ ಬೇರೆ. ಐಪೀಸಿಗೆ ಮಂಜು ಕೂತರೆ ಪ್ರತಿ ನಕ್ಷತ್ರವೂ ನೀಹಾರಿಕೆಯೇ! ಅನುಮಾನ ಬಂದರೆ ಅಭಿಜಿತ್‌ಗೆ ತಿರುಗಿಸಿ. ಅದಕ್ಕೂ ಪ್ರಭೆ ಕಟ್ಟಿದ್ದರೆ ದೋಷ ಗಾಜಿನದು. ಪಂಚೆಯ ತುದಿಯಲ್ಲಿ ಒರೆಸಬೇಡಿ, ಧೂಳು ಗೀರು ಬೀಳಿಸುತ್ತದೆ. ಐಪೀಸನ್ನು ಜೇಬಿನ ಬಿಸಿಗೆ ಹತ್ತು ನಿಮಿಷ ಬಿಡಿ.