ವೃದ್ಧರ ಆರೈಕೆ ಯಾರ ಹೊಣೆ: ನಾಲ್ಕು ಶತಮಾನಗಳ ಜಗ್ಗಾಟ

ಹೆತ್ತವರನ್ನು ಮಕ್ಕಳೇ ನೋಡಿಕೊಳ್ಳುವುದು ಪೂರ್ವದವರ ಸಂಸ್ಕೃತಿ, ಸರ್ಕಾರಕ್ಕೆ ಒಪ್ಪಿಸಿಬಿಡುವುದು ಪಶ್ಚಿಮದವರ ರೀತಿ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕಾನೂನುಗಳ ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ.

ಇಂಗ್ಲೆಂಡಿನ 1601ರ ಬಡವರ ಕಾಯ್ದೆಯನ್ನೇ ನೋಡಿ. ದುಡಿಯಲಾರದ ಬಡವರನ್ನು, ವೃದ್ಧರನ್ನು, ಅಂಧರನ್ನು ಸಾಕುವ ಹೊಣೆ ಮೊದಲು ಬೀಳುತ್ತಿದ್ದುದು ಶಕ್ತಿಯಿದ್ದ ತಂದೆತಾಯಿ, ಅಜ್ಜಅಜ್ಜಿ ಮತ್ತು ಮಕ್ಕಳ ಮೇಲೆ. ಅವರಿಂದಾಗದಿದ್ದರೆ ಮಾತ್ರ ಊರಿನ ಚರ್ಚ್ ವ್ಯಾಪ್ತಿಯಲ್ಲಿ ಎತ್ತಿದ ತೆರಿಗೆಯಿಂದ ನೆರವು. ಈ ಕಟ್ಟುಪಾಡು ಸುಮಾರು ಮೂರೂವರೆ ಶತಮಾನ ಉಳಿಯಿತು. 1948ರ ರಾಷ್ಟ್ರೀಯ ನೆರವು ಕಾಯ್ದೆ ಅದನ್ನು ತೆಗೆದುಹಾಕಿ, ಹೊಣೆಯನ್ನು ಗಂಡಹೆಂಡತಿ ಒಬ್ಬರನ್ನೊಬ್ಬರು ಮತ್ತು ತಮ್ಮ ಚಿಕ್ಕ ಮಕ್ಕಳನ್ನು ಸಾಕುವುದಕ್ಕೆ ಸೀಮಿತಗೊಳಿಸಿತು. ಸ್ವೀಡನ್ 1956ರಲ್ಲಿ ಅದೇ ಹಾದಿ ಹಿಡಿಯಿತು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹಳೆಯ ನಿಯಮ ಇನ್ನೂ ಜೀವಂತವಾಗಿದೆ: ತಾಯಿಯ ಆರೈಕೆ ಕೇಂದ್ರದ ಸುಮಾರು 93,000 ಡಾಲರ್ ಬಾಕಿಯನ್ನು ಮಗನೇ ತೆರಬೇಕೆಂಬ ಆದೇಶವನ್ನು ಪೆನ್ಸಿಲ್ವೇನಿಯಾದ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಎತ್ತಿಹಿಡಿಯಿತು.

ಏಷ್ಯಾದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಮಕ್ಕಳು ದುಡಿಮೆಗಾಗಿ ದೂರ ಹೋದರು, ಆಯಸ್ಸು ಹೆಚ್ಚಿತು, ಮನೆಗೆ ಒಂದೆರಡೇ ಮಕ್ಕಳಾದರು. ಪದ್ಧತಿ ಸಡಿಲಗೊಂಡಲ್ಲಿ ಕಾಯ್ದೆ ಬಂತು. ಹೆತ್ತವರು ಮಕ್ಕಳಿಂದ ಜೀವನಾಂಶ ಕೇಳಲೆಂದೇ ಸಿಂಗಪುರ 1995ರಲ್ಲಿ, ಭಾರತ 2007ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದವು. ದೂರವಿರುವ ಮಕ್ಕಳು ಆಗಾಗ ಬಂದು ಹೆತ್ತವರನ್ನು ಕಾಣಬೇಕೆಂಬ ಚೀನಾದ ನಿಯಮ 2013ರಲ್ಲಿ ಜಾರಿಗೆ ಬಂತು.

ಈ ಕಾಯ್ದೆಗಳು ಹಣ ಕೊಡಿಸಬಲ್ಲವು. ಹಾಸಿಗೆ ಹಿಡಿದವರಿಗೆ ಬೆನ್ನಹುಣ್ಣಾಗದಂತೆ ರಾತ್ರಿಯೂ ಎದ್ದೆದ್ದು ಮಗ್ಗುಲು ಬದಲಿಸುವವರು ಯಾರು? 'ಕುಟುಂಬ' ಎಂದು ಹೇಳಿ ಮುಗಿಸುವುದು ನನಗೆ ಅನ್ಯಾಯವೆನಿಸುತ್ತದೆ. ಬಹುಪಾಲು ಕಡೆ ಆ ಕುಟುಂಬವೆಂದರೆ ಹೆಂಡತಿ, ಮಗಳು ಅಥವಾ ಸೊಸೆ.

ಇದನ್ನು ನೇರವಾಗಿ ಎದುರಿಸಿದ್ದು ಜಪಾನ್. ಅಲ್ಲಿ ಅತ್ತೆಮಾವಂದಿರ ಸೇವೆ ಸೊಸೆಯ ಪಾಲಿನದೆಂದೇ ನಡೆದುಬಂದಿತ್ತು. 1997ರಲ್ಲಿ ಅಂಗೀಕಾರಗೊಂಡು 2000ದ ಏಪ್ರಿಲ್‌ನಲ್ಲಿ ಜಾರಿಯಾದ ಆರೈಕೆ ವಿಮೆಯನ್ನು ರೂಪಿಸುವಾಗ, ನೋಡಿಕೊಳ್ಳುವ ಮನೆಯವರಿಗೆ ಹಣ ಕೊಡಬೇಕೇ ಎಂಬ ದೊಡ್ಡ ಚರ್ಚೆಯಾಯಿತು. ಬೇಡವೆಂದು ಗಟ್ಟಿಯಾಗಿ ಹೇಳಿದವರಲ್ಲಿ ಮಹಿಳಾ ಸಂಘಟನೆಗಳೇ ಮುಂದಿದ್ದವು. ಹಣ ಬಂದರೆ ಸೊಸೆಗೆ ಬಿಡುಗಡೆಯೇ ಇಲ್ಲ ಎಂಬುದು ಅವರ ವಾದ. ಕೊನೆಗೆ ನಗದು ಬಿಟ್ಟು ಸೇವೆಗಳನ್ನಷ್ಟೇ ಕೊಡುವುದೆಂದಾಯಿತು. ಅರ್ಜಿ ಹಾಕಿದವರ ಮನೆಗೆ ಸ್ಥಳೀಯ ಆಡಳಿತದ ಪರವಾಗಿ ಒಬ್ಬರು ಬಂದು, ಈಗಿನ ಪಟ್ಟಿಯ 74 ಅಂಶಗಳನ್ನು ಪರಿಶೀಲಿಸುತ್ತಾರೆ: ಮಗ್ಗುಲು ಬದಲಿಸಬಲ್ಲರೇ, ಒಂಟಿಕಾಲಿನಲ್ಲಿ ನಿಲ್ಲಬಲ್ಲರೇ, ಉಗುರು ಕತ್ತರಿಸಿಕೊಳ್ಳಬಲ್ಲರೇ, ಹುಟ್ಟಿದ ದಿನಾಂಕ ಹೇಳಬಲ್ಲರೇ. ಅಗತ್ಯದ ಮಟ್ಟ ನಿರ್ಧಾರವಾಗುವುದು ಹೀಗೆ. ಮನೆಯಲ್ಲಿ ಮಗಳಿದ್ದಾಳೆಂದು ಆ ಮಟ್ಟ ಇಳಿಯುವುದಿಲ್ಲ. ವೆಚ್ಚದಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟನ್ನು ಸೇವೆ ಪಡೆದವರು ಕೊಡುತ್ತಾರೆ, ಆದಾಯ ಹೆಚ್ಚಿದ್ದವರು ಇನ್ನಷ್ಟು. ಉಳಿದದ್ದರಲ್ಲಿ ಅರ್ಧ ತೆರಿಗೆಯಿಂದ, ಅರ್ಧ 40 ದಾಟಿದವರ ವಿಮಾ ಕಂತಿನಿಂದ.

ಇದಕ್ಕೆ ಐದು ವರ್ಷ ಮೊದಲೇ, 1995ರಲ್ಲಿ, ಜರ್ಮನಿ ಇಂಥದೇ ವಿಮೆ ತಂದಿತ್ತು. ಅಲ್ಲಿ ಸೇವೆಯ ಬದಲು ನಗದನ್ನೂ ಪಡೆಯಬಹುದು. ಸೇವೆಯ ಮೌಲ್ಯಕ್ಕಿಂತ ನಗದು ಬಹಳ ಕಡಿಮೆ. ಆದರೂ ಮನೆಯಲ್ಲೇ ಆರೈಕೆ ಪಡೆಯುವವರಲ್ಲಿ ಹೆಚ್ಚಿನವರು ಅದನ್ನೇ ಆರಿಸಿಕೊಂಡರು. ಗಣನೀಯ ಸಮಯ ಕೊಟ್ಟು ನೋಡಿಕೊಳ್ಳುವವರ ಪಿಂಚಣಿ ಕಂತನ್ನೂ ವಿಮೆಯೇ ಕಟ್ಟುತ್ತದೆ. ಹಿರಿಯರ ಸೇವೆಗೆ ಹೆಸರಾದ ಜಪಾನ್ ಮನೆಯವರಿಗೆ ಹಣ ಕೊಡಲು ಒಪ್ಪಲಿಲ್ಲ, ಯುರೋಪಿನ ಜರ್ಮನಿ ಕೊಟ್ಟಿತು. ಸಂಸ್ಕೃತಿಯೊಂದರಿಂದಲೇ ಇದನ್ನು ವಿವರಿಸಲಾಗದು. ನಿಯಮ ಬರೆಯುವ ಹೊತ್ತಿಗೆ ಯಾರ ದನಿ ಗಟ್ಟಿಯಾಗಿತ್ತು ಎಂಬುದನ್ನೂ ನೋಡಬೇಕು.

ಸರ್ಕಾರ ಕೈಹಾಕಿದರೆ ಮಕ್ಕಳು ಕೈಬಿಡುತ್ತಾರೆಂಬ ಭಯ ಹಳೆಯದು. ಯುರೋಪಿನ ದೇಶಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಹಾಗೆ ಕಂಡಿಲ್ಲ. ಉತ್ತರದ ದೇಶಗಳಲ್ಲಿ ಸಾಮಾನು ತಂದುಕೊಡುವುದು, ಕಾಗದಪತ್ರ ನೋಡುವುದು ಮುಂತಾದ ನೆರವು ನೀಡುವ ಮಕ್ಕಳ ಪ್ರಮಾಣ ದಕ್ಷಿಣದ ದೇಶಗಳಿಗಿಂತ ಹೆಚ್ಚು. ಸ್ನಾನ ಮಾಡಿಸುವಂಥ ದೇಹದ ಆರೈಕೆ ತರಬೇತಾದವರ ಪಾಲಿಗೆ ಹೋಗಿದೆ. ಸ್ವೀಡನ್ 2000ದ ನಂತರ ವೃದ್ಧರ ವಸತಿ ಕೇಂದ್ರಗಳ ಜಾಗಗಳನ್ನು ಕಡಿತಗೊಳಿಸಿದಾಗ ಹೊರೆ ಮತ್ತೆ ಮನೆಗೆ, ಬಹುಮಟ್ಟಿಗೆ ಹೆಣ್ಣುಮಕ್ಕಳ ಹೆಗಲಿಗೆ, ಮರಳಿತು. 2009ರಲ್ಲಿ ಅಲ್ಲಿನ ಕಾನೂನು, ಮನೆಯವರನ್ನು ನೋಡಿಕೊಳ್ಳುವವರಿಗೂ ನೆರವು ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು ಬರೆದುಕೊಂಡಿತು.